ಕಿಟಕಿ ಪಕ್ಕ ದಾರಿ ತಪ್ಪಿದ ಗಾಡಿ

ಐದು ದಿನದ ರೋಬೋಟಿಕ್ಸ್ ಕಾರ್ಯಾಗಾರದ ಕೊನೆಯ ಮಧ್ಯಾಹ್ನ. ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆ. ಎಂಟನೇ ಕ್ಲಾಸಿನ 32 ಮಕ್ಕಳು, ಎಂಟು ಗುಂಪು, ಎಂಟು ಗಾಡಿ. ಮಕ್ಕಳು ಅದನ್ನು ರೋಬೋಟ್ ಅನ್ನುವುದಿಲ್ಲ, ಗಾಡಿ ಅಂತಾರೆ. ಈಗ ನನ್ನ ಬಾಯಲ್ಲೂ ಅದೇ ಬರುತ್ತೆ. ಬೆಂಚುಗಳನ್ನೆಲ್ಲ ಗೋಡೆಗೆ ಸರಿಸಿ, ಯಾವುದೋ ಜಾತ್ರೆಯ ಹಳೇ ಫ್ಲೆಕ್ಸನ್ನು ಮಗುಚಿ ಹಾಕಿ, ಅದರ ಬಿಳಿ ಬೆನ್ನಿನ ಮೇಲೆ ಕಪ್ಪು ಇನ್ಸುಲೇಷನ್ ಟೇಪಿನಿಂದ ದಾರಿ ಮಾಡಿದ್ದೆವು. ಗಾಡಿ ಆ ಕಪ್ಪು ಗೆರೆ ಹಿಡಿದು ಒಂದು ಸುತ್ತು ಬರಬೇಕು. ಹೆಡ್‌ಮಾಸ್ಟರು ಬಂದಿದ್ದರು, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರು ಬಂದಿದ್ದರು. ಹೊಲದ ಕೆಲಸ ಬಿಟ್ಟು ಒಂದಷ್ಟು ಅಪ್ಪ ಅಮ್ಮಂದಿರೂ ಬಂದು ಬಾಗಿಲ ಹತ್ತಿರ ನಿಂತಿದ್ದರು.

ಚೀಟಿ ಎತ್ತಿ ಸರದಿ ಹಾಕಿದ್ದೆವು. ಮೂರನೇ ಗುಂಪು ಮೊದಲು ಬಂತು. ಅವರ ಗಾಡಿ ಎಲ್ಲೂ ನಿಲ್ಲದೆ ಸುತ್ತು ಮುಗಿಸಿತು. ಜೋರು ಚಪ್ಪಾಳೆ. ಉಳಿದವರಲ್ಲಿ ಕೆಲವರದು ಓಡಿತು, ಕೆಲವರದು ಎಡವಿತು. ಆರನೇ ಗುಂಪು ಕೊನೆಗೆ. ಅವರ ಗಾಡಿ ಅರ್ಧ ದಾರಿ ಚೆನ್ನಾಗೇ ಹೋಯಿತು. ಕಿಟಕಿ ಪಕ್ಕದ ತಿರುವಿಗೆ ಬಂದ ಕೂಡಲೇ ಗೆರೆ ಬಿಟ್ಟು ಸೀದಾ ಗೋಡೆ ಕಡೆ ಹೊರಟಿತು. ಎತ್ತಿ ಮತ್ತೆ ಇಟ್ಟರು. ಮತ್ತೆ ಅಲ್ಲೇ ತಪ್ಪಿತು. ಮೂರನೇ ಸಲವೂ ಅಷ್ಟೇ. ಮೊದಲ ಬಹುಮಾನ ಮೂರನೇ ಗುಂಪಿಗೆ ಕೊಟ್ಟೆ. ಆರನೇ ಗುಂಪಿಗೆ "ಪರವಾಗಿಲ್ಲ, ಚೆನ್ನಾಗಿ ಪ್ರಯತ್ನಪಟ್ರಿ" ಅಂದೆ.

ಎಲ್ಲರೂ ಟೀ, ಬಿಸ್ಕೆಟ್‌ಗೆ ಹೊರಗೆ ಹೋದರು. ನಾನು ವೈರುಗಳನ್ನು ಸುತ್ತಿ ಡಬ್ಬಿಗೆ ಹಾಕುತ್ತಿದ್ದೆ. ಆರನೇ ಗುಂಪಿನ ಒಬ್ಬ ಹುಡುಗಿ ಒಳಗೇ ಉಳಿದಿದ್ದಳು. ಗಾಡಿಯನ್ನು ಕಿಟಕಿ ಪಕ್ಕದ ಅದೇ ತಿರುವಿನಲ್ಲಿ ಇಟ್ಟು, ತನ್ನ ಎಕ್ಸಾಮ್ ಪ್ಯಾಡನ್ನು ಕಿಟಕಿಗೂ ಗಾಡಿಗೂ ನಡುವೆ ಅಡ್ಡ ಹಿಡಿದು, ಬಗ್ಗಿಕೊಂಡು ಅದರ ಜೊತೆಗೇ ಹೆಜ್ಜೆ ಹಾಕುತ್ತಿದ್ದಳು. ಗಾಡಿ ಗೆರೆ ಬಿಡದೆ ತಿರುಗಿತು. ಪ್ಯಾಡ್ ತೆಗೆದಳು. ಗಾಡಿ ಗೋಡೆ ಕಡೆ ಹೋಯಿತು. ಮತ್ತೆ ಪ್ಯಾಡ್ ಹಿಡಿದಳು. ತಿರುಗಿತು.

"ಏನಮ್ಮಾ ಮಾಡ್ತಿದ್ದೀಯ?" ಅಂತ ಕೇಳಿದೆ.

"ಬಿಸಿಲು ಮಿಸ್," ಅಂದಳು. "ಬಿಸಿಲಲ್ಲಿ ಅದಕ್ಕೆ ಕಪ್ಪು ಕಾಣಲ್ಲ."

ಇದೇನು ಸಣ್ಣ ಮಾತಲ್ಲ. ಗಾಡಿಯ ಮೂತಿಯ ಕೆಳಗೆ ಎರಡು ಐಆರ್ (ಅತಿಗೆಂಪು) ಸೆನ್ಸರ್ ಇರುತ್ತವೆ. ಪ್ರತಿಯೊಂದರಲ್ಲೂ ಒಂದು ಪುಟ್ಟ ಬಲ್ಬು, ಒಂದು ಕಣ್ಣು. ಬಲ್ಬು ನಮಗೆ ಕಾಣದ ಬೆಳಕನ್ನು ನೆಲಕ್ಕೆ ಬಿಡುತ್ತೆ. ಬಿಳಿ ಜಾಗವಾದರೆ ಬೆಳಕು ವಾಪಸ್ ಬಂದು ಕಣ್ಣಿಗೆ ಬೀಳುತ್ತೆ, ಕಪ್ಪು ಟೇಪಾದರೆ ಬಹುಪಾಲು ಅಲ್ಲೇ ಇಂಗಿಹೋಗುತ್ತೆ. ವಾಪಸ್ ಬರದಿದ್ದರೆ "ಇದು ಗೆರೆ" ಅಂತ ಗಾಡಿ ತಿಳಿಯುತ್ತೆ. ಆದರೆ ಬಿಸಿಲಿನಲ್ಲೂ ಅದೇ ಕಾಣದ ಬೆಳಕು ಬೇಕಾದಷ್ಟಿದೆ. ಕಿಟಕಿಯಿಂದ ಬಂದ ಬಿಸಿಲು ನೇರ ಕಣ್ಣಿಗೆ ಬಿದ್ದರೆ, ಕೆಳಗೆ ಕಪ್ಪು ಟೇಪಿದ್ದರೂ ಗಾಡಿಗೆ ಅದು ಬಿಳಿಯೇ. ಗೆರೆ ಮಾಯ. ಮೂರನೇ ಗುಂಪು ಓಡಿಸುವಾಗ ಬಿಸಿಲು ಇನ್ನೂ ಕಿಟಕಿಯ ಸರಳು ದಾಟಿರಲಿಲ್ಲ. ಆರನೇ ಗುಂಪಿನ ಸರದಿ ಬರುವ ಹೊತ್ತಿಗೆ ಬಿಸಿಲು ಫ್ಲೆಕ್ಸಿನ ಮೇಲೆ ಮೊಳದುದ್ದ ಬಂದು ಕೂತಿತ್ತು. ನಾನು ಬಹುಮಾನ ಕೊಟ್ಟಿದ್ದು ಚೀಟಿಯ ಅದೃಷ್ಟಕ್ಕೆ.

ಇದನ್ನು ನಾನು ಮಕ್ಕಳಿಗೆ ಹೇಳಿಕೊಟ್ಟಿರಲಿಲ್ಲ. ಎರಡನೇ ದಿನ ಟಿವಿ ರಿಮೋಟನ್ನು ಫೋನಿನ ಕ್ಯಾಮೆರಾದ ಮುಂದೆ ಒತ್ತಿ, ಬರಿಗಣ್ಣಿಗೆ ಕಾಣದ ಬೆಳಕು ಪರದೆಯ ಮೇಲೆ ನೇರಳೆ ಚುಕ್ಕಿಯಾಗಿ ಮಿನುಗುವುದನ್ನು ತೋರಿಸಿದ್ದೆ. ಅಷ್ಟೇ. ಅಲ್ಲಿಂದ ಇಲ್ಲಿಗೆ ಅವಳೇ ನಡೆದು ಬಂದಿದ್ದಳು. ಅನುಮಾನಪಟ್ಟಳು, ಅಡ್ಡ ಹಿಡಿದು ನೋಡಿದಳು, ತೆಗೆದು ನೋಡಿದಳು, ಮತ್ತೆ ಹಿಡಿದು ಖಾತ್ರಿ ಮಾಡಿಕೊಂಡಳು. ಐದು ದಿನದಲ್ಲಿ ಆ ಕೋಣೆಯಲ್ಲಿ ನಡೆದ ಅತಿ ಒಳ್ಳೆಯ ಕಲಿಕೆ ಅದು. ಅದು ನಡೆದಿದ್ದು ಬಹುಮಾನ ಹಂಚಿ ಮುಗಿದ ಮೇಲೆ. ವರದಿಯ ಅಂಕಿಗಳೂ ಅಷ್ಟೊತ್ತಿಗೆ ಸಿದ್ಧವಾಗಿದ್ದವು.

ಅವತ್ತು ಸಂಜೆ ಬಸ್ಸಿನಲ್ಲಿ ಕೂತು ಅವಳ ಉತ್ತರ ಪತ್ರಿಕೆ ಹುಡುಕಿ ತೆಗೆದೆ. ಬೆಳಿಗ್ಗೆ ಒಂದು ಕೊನೆಯ ಪರೀಕ್ಷೆ ಕೊಟ್ಟಿದ್ದೆವು, 10 ಪ್ರಶ್ನೆ. ಅವಳಿಗೆ 5. "ಲೈನ್ ಫಾಲೋವರ್‌ನಲ್ಲಿ ಸೆನ್ಸರ್ ಹೇಗೆ ಕೆಲಸ ಮಾಡುತ್ತದೆ?" ಅನ್ನುವ ಪ್ರಶ್ನೆಗೆ ಅವಳು ಬರೆದಿದ್ದು: ಬಿಳಿ ನೋಡಿದರೆ ಹೂಂ ಅನ್ನುತ್ತೆ, ಕರಿ ನೋಡಿದರೆ ಊಹೂಂ ಅನ್ನುತ್ತೆ. ಆ ಉತ್ತರಕ್ಕೆ ನಾನೇ ಸೊನ್ನೆ ಹಾಕಿದ್ದೆ. ನನ್ನ ಮಾದರಿ ಉತ್ತರದಲ್ಲಿ ಇದ್ದದ್ದು "ಅತಿಗೆಂಪು ಕಿರಣಗಳ ಪ್ರತಿಫಲನವನ್ನು ಗ್ರಹಿಸುತ್ತದೆ" ಅಂತ. ಈಗ ಯೋಚಿಸಿದರೆ, ಆ ಸೆನ್ಸರ್ ಗಾಡಿಯ ಮಿದುಳಿನಂತಿರುವ ಬೋರ್ಡಿಗೆ ಕೊಡುವುದು ಎರಡೇ ಉತ್ತರ, ಹೌದು ಅಥವಾ ಅಲ್ಲ. ಹೂಂ, ಊಹೂಂ. ಇದಕ್ಕಿಂತ ಸರಿಯಾಗಿ ಹೇಗೆ ಹೇಳುತ್ತೀರಿ? ಅವಳು ನನಗಿಂತ ಚೆನ್ನಾಗಿ ಬರೆದಿದ್ದಳು.

ಮೂರನೇ ಗುಂಪಿನ ನಾಯಕನಿಗೆ 9 ಬಂದಿತ್ತು. ಚುರುಕು ಹುಡುಗ. ಪ್ರದರ್ಶನಕ್ಕೆ ಮುಂಚೆ ಅವನ ಗಾಡಿಯ ಮೋಟರಿಂದ ಬರುವ ಎರಡು ವೈರ್ ತೋರಿಸಿ, "ಇವೆರಡನ್ನು ಅದಲುಬದಲು ಮಾಡಿದ್ರೆ ಏನಾಗುತ್ತೋ?" ಅಂತ ಕೇಳಿದ್ದೆ. ಅವನು ಗಾಬರಿಯಿಂದ ಗಾಡಿಯನ್ನು ಎದೆಗೆ ಒತ್ತಿಕೊಂಡು, "ಹಂಗೆ ಮಾಡಬಾರ್ದು ಮಿಸ್, ಕೆಂಪು ಇಲ್ಲಿಗೇ ಹಾಕ್ಬೇಕು ಅಂತ ನೀವೇ ಹೇಳಿದ್ರಲ್ಲ" ಅಂದ. ಚಕ್ರ ಹಿಂದಕ್ಕೆ ತಿರುಗುತ್ತೆ, ಅಷ್ಟೇ. ಒಂದು ಸಲ ಬದಲಿಸಿ ನೋಡಿದ್ದರೆ ತಿಳಿಯುತ್ತಿತ್ತು. ಅವನಲ್ಲಿ ತಪ್ಪಿಲ್ಲ. ಮುಟ್ಟಿ ನೋಡು ಅಂತ ನಾವು ಹೇಳಿರಲಿಲ್ಲ, ಯಾವ ಬಣ್ಣ ಎಲ್ಲಿ ಅಂತ ಹೇಳಿದ್ದೆವು. ಅವನು ನಾವು ಹೇಳಿದ್ದನ್ನು ಅಚ್ಚುಕಟ್ಟಾಗಿ ಕಲಿತಿದ್ದ. ನಮ್ಮ ಪರೀಕ್ಷೆಯೂ ಅದನ್ನೇ ಅಳೆದಿತ್ತು.

ಈ ಒಂದು ಮಧ್ಯಾಹ್ನದಿಂದ ನನ್ನ ತಲೆಯೊಳಗೆ ಒಂದು ಪ್ರಶ್ನೆ ಕೂತುಬಿಟ್ಟಿದೆ. ಇಂಥ ಕಾರ್ಯಾಗಾರದಲ್ಲಿ ಮಗು ಏನು ಕಲಿಯಿತು ಅಂತ ನಿಜವಾಗಿ ತಿಳಿಯುವುದು ಹೇಗೆ? ಓಡುವ ಗಾಡಿ ಅದನ್ನು ಹೇಳುವುದಿಲ್ಲ. ನಾಲ್ಕು ಮಕ್ಕಳಲ್ಲಿ ಒಬ್ಬರಿಗೆ ಗೊತ್ತಿದ್ದರೂ ಗಾಡಿ ಓಡುತ್ತೆ. ಯಾರಿಗೂ ಗೊತ್ತಿಲ್ಲದಿದ್ದರೂ, ಪಕ್ಕದಲ್ಲಿ ನಿಂತ ನನ್ನಂಥವಳು ಎರಡು ವೈರ್ ಸರಿ ಮಾಡಿದರೆ ಓಡುತ್ತೆ. ಎಷ್ಟೋ ಸಲ ಪ್ರದರ್ಶನಕ್ಕೆ ಹತ್ತು ನಿಮಿಷ ಮುಂಚೆ ನಾನೇ ಸರಿ ಮಾಡಿದ್ದೇನೆ. ಮಕ್ಕಳ ಮುಖ ಬಾಡಬಾರದು ಅಂತ. ಹಾಗೆ ಮಾಡಿದಾಗಲೆಲ್ಲ ಆ ಗುಂಪಿನ ಬಗ್ಗೆ ತಿಳಿಯಬಹುದಾಗಿದ್ದದ್ದನ್ನು ಕಳಕೊಂಡಿದ್ದೇನೆ.

ನಾವೆಲ್ಲ ಸಾಮಾನ್ಯವಾಗಿ ಮಾಡುವುದು ಇಷ್ಟು. ಮೊದಲ ದಿನ ಒಂದು ಪರೀಕ್ಷೆ, ಕೊನೆಯ ದಿನ ಅದೇ ಪರೀಕ್ಷೆ. ಸರಾಸರಿ ಎಷ್ಟು ಏರಿತು ಅಂತ ಒಂದು ಸಂಖ್ಯೆ. ಜೊತೆಗೆ ನಗುವ ಮುಖ, ಸಪ್ಪೆ ಮುಖ, ಅಳುವ ಮುಖ ಇರುವ ಒಂದು ಹಾಳೆ. ನಗುವ ಮುಖಕ್ಕೆ ಎಲ್ಲರೂ ಗುರುತು ಹಾಕುತ್ತಾರೆ. ಹಾಕದೇ ಇನ್ನೇನು? ಐದು ದಿನ ಪಾಠ ಇಲ್ಲ, ಹೊರಗಿನಿಂದ ಬಂದ ಮಿಸ್ಸು ಪ್ರೀತಿಯಿಂದ ಮಾತಾಡಿಸುತ್ತಾರೆ, ಹೋಗುವಾಗ ಬೇಜಾರು ಮಾಡುವುದು ಯಾಕೆ ಅಂತ ಮಕ್ಕಳಿಗೆ ಅನ್ನಿಸುತ್ತೆ. ಪರೀಕ್ಷೆಯ ಅಂಕ ಏರುವುದೂ ಅಂಥ ದೊಡ್ಡ ಸಂಗತಿಯಲ್ಲ. "ಸೆನ್ಸರ್" ಅನ್ನುವ ಪದವನ್ನೇ ಕೇಳಿರದ ಮಗು ಐದು ದಿನ ಅದೇ ಪದ ಕೇಳಿ, ಅದೇ ಪ್ರಶ್ನೆಯನ್ನು ಎರಡನೇ ಸಲ ನೋಡಿದರೆ ಅಂಕ ಏರಲೇಬೇಕು. ಪದ ಬಂತು ಅನ್ನುವುದಕ್ಕೆ ಅದು ಸಾಕ್ಷಿ. ಪದದ ಜೊತೆ ಇನ್ನೇನು ಬಂತು ಅಂತ ಅದರಿಂದ ತಿಳಿಯಲ್ಲ.

ಇನ್ನೊಂದು ವಿಚಿತ್ರ ನೋಡಿ. "ನಿನಗೆ ರೋಬೋಟ್ ಬಗ್ಗೆ ಎಷ್ಟು ಗೊತ್ತು? ಐದರಲ್ಲಿ ಎಷ್ಟು ನಕ್ಷತ್ರ?" ಅಂತ ಮೊದಲ ದಿನ ಕೇಳುತ್ತಿದ್ದೆವು. ಸಿನಿಮಾದಲ್ಲಿ ರೋಬೋಟ್ ನೋಡಿರುವ ಹುಡುಗರು ಧಾರಾಳವಾಗಿ ನಾಲ್ಕು ಕೊಟ್ಟುಕೊಳ್ಳುತ್ತಾರೆ. ಐದು ದಿನ ವೈರ್, ಬ್ಯಾಟರಿ, ಕೋಡ್ ಜೊತೆ ಗುದ್ದಾಡಿದ ಮೇಲೆ ಅದೇ ಹುಡುಗರು ಮೂರು ಕೊಡುತ್ತಾರೆ. ಎಷ್ಟು ಗೊತ್ತಿಲ್ಲ ಅನ್ನುವುದು ಈಗ ಅವರಿಗೆ ಗೊತ್ತಾಗಿದೆ. ಕಲಿಕೆ ಅಂದರೆ ಅದೇ ಅಲ್ವಾ? ಆದರೆ ವರದಿಯ ಕೋಷ್ಟಕದಲ್ಲಿ ಅದು ಇಳಿಕೆ. ಒಂದು ವರ್ಷ ಆ ಸಾಲನ್ನೇ ವರದಿಯಿಂದ ತೆಗೆದುಹಾಕಿದೆವು, ಅಂಕಿ ಕೆಳಗೆ ಹೋಗಿದೆ ಅನ್ನುವ ಕಾರಣಕ್ಕೆ. ಅದಕ್ಕೆ ನನಗೆ ಇವತ್ತಿಗೂ ಬೇಸರವಿದೆ. ಈಗ ಕೊನೆಯ ದಿನ ಎರಡನ್ನೂ ಒಟ್ಟಿಗೆ ಕೇಳುತ್ತೇನೆ: ಬಂದ ದಿನ ನಿಜವಾಗಿ ಎಷ್ಟು ಗೊತ್ತಿತ್ತು ಅಂತ ಈಗ ಅನ್ನಿಸುತ್ತೆ, ಇವತ್ತು ಎಷ್ಟು ಗೊತ್ತು, ಯಾಕೆ ಹಾಗೆ ಅನ್ನಿಸುತ್ತೆ. ಆ ಕೊನೆಯ "ಯಾಕೆ"ಗೆ ಬರುವ ಉತ್ತರಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಮಕ್ಕಳ ಕೈಗೆ ರೋಬೋಟ್ ಕೊಡುವ ಯೋಚನೆಯೇ ಹುಟ್ಟಿದ್ದು ತಪ್ಪಿನ ಮೇಲಿನ ಗೌರವದಿಂದ. ಸೇಮೋರ್ ಪೇಪರ್ಟ್ ಅನ್ನುವ ಗಣಿತಜ್ಞರು ಜಿನೀವಾದಲ್ಲಿ ಮಕ್ಕಳ ಮನಸ್ಸಿನ ಬಗ್ಗೆ ಅಧ್ಯಯನ ಮಾಡುತ್ತಿದ್ದ ಪಿಯಾಜೆ ಜೊತೆ ಕೆಲಸ ಮಾಡಿ, ಆಮೇಲೆ ಅಮೆರಿಕಕ್ಕೆ ಬಂದವರು. 1967ರಲ್ಲಿ ಸಂಗಡಿಗರ ಜೊತೆ ಸೇರಿ ಮಕ್ಕಳಿಗಾಗಿ ಲೋಗೋ ಅನ್ನುವ ಕಂಪ್ಯೂಟರ್ ಭಾಷೆ ಮಾಡಿದರು. ಸ್ವಲ್ಪ ಕಾಲದಲ್ಲೇ ಆ ಭಾಷೆಯ ಮಾತು ಕೇಳುವ ಒಂದು ಆಮೆ ಬಂತು. ನೆಲದ ಮೇಲೆ ಓಡಾಡುವ, ಹೊಟ್ಟೆಯ ಕೆಳಗೆ ಪೆನ್ನು ಇಟ್ಟುಕೊಂಡು ಗೆರೆ ಎಳೆಯುವ ಯಂತ್ರದ ಆಮೆ. "ಇಷ್ಟು ಮುಂದೆ ಹೋಗು, ಇಷ್ಟು ತಿರುಗು" ಅಂತ ಮಗು ಹೇಳಬೇಕು.

ಆ ಆಮೆಯ ಒಂದು ಪ್ರಸಿದ್ಧ ಆಟವನ್ನು ನಾನು ಶಾಲೆಯ ಅಂಗಳದಲ್ಲಿ ಆಡಿಸುತ್ತೇನೆ. ಒಬ್ಬರು ಆಮೆ. ಇನ್ನೊಬ್ಬರು ಹೇಳಿದ ಹಾಗೆ ಅವರು ನಡೆಯಬೇಕು, ಸೀಮೆಸುಣ್ಣದಲ್ಲಿ ಗೆರೆ ಎಳೆಯಬೇಕು. ಸಮಬಾಹು ತ್ರಿಭುಜ ಬರೆಸಿ ಅಂತೀನಿ. ಹೆಚ್ಚುಕಮ್ಮಿ ಎಲ್ಲ ಮಕ್ಕಳೂ "ಐದು ಹೆಜ್ಜೆ ಮುಂದೆ, 60 ಡಿಗ್ರಿ ತಿರುಗು" ಅಂತ ಮೂರು ಸಲ ಹೇಳುತ್ತಾರೆ. ತ್ರಿಭುಜದ ಕೋನ 60 ಅಂತ ಪುಸ್ತಕದಲ್ಲಿ ಓದಿದ್ದಾರೆ. ಆದರೆ ನಡೆದು ನೋಡಿದರೆ ತ್ರಿಭುಜ ಕೂಡಿಕೊಳ್ಳುವುದೇ ಇಲ್ಲ, ಅರ್ಧ ಷಡ್ಭುಜ ಬರುತ್ತೆ. ಯಾಕೆಂದರೆ ನಡೆಯುವವರು ತಿರುಗಬೇಕಾದ್ದು ಹೊರಗಿನ ಕೋನ, 120. ಇಲ್ಲಿ ನನಗೆ ಬೇಕಾದ್ದು ಆ 60 ಅನ್ನುವ ತಪ್ಪು ಉತ್ತರ. ಮಗು ಪುಸ್ತಕದ ಕೋನವನ್ನು ಹೊರಗಿನಿಂದ ನೋಡುತ್ತಿದೆ, ಇನ್ನೂ ಆಮೆಯೊಳಗೆ ಹೊಕ್ಕಿಲ್ಲ ಅಂತ ಅದು ಹೇಳುತ್ತೆ. ಒಂದು ಸಲ ಒಬ್ಬ ಹುಡುಗ ಆಮೆಯಾಗಿ ನಡೆದವನು ಮೂಲೆಯಲ್ಲಿ ನಿಂತು, ಬಂದ ದಾರಿ ನೋಡಿ, ಹೋಗಬೇಕಾದ ದಿಕ್ಕು ನೋಡಿ, "ಮಿಸ್, ಇಲ್ಲಿ ಜಾಸ್ತಿ ತಿರುಗ್ಬೇಕು, ವಾಪಸ್ ಹೋಗೋ ಥರ" ಅಂದ. ಅವನಿಗೆ 120 ಅನ್ನುವ ಸಂಖ್ಯೆ ಇನ್ನೂ ಗೊತ್ತಿರಲಿಲ್ಲ. ಬರೆಯುವ ಪರೀಕ್ಷೆಯಲ್ಲಿ ಅವನಿಗೂ 60 ಬರೆದವನಿಗೂ ಒಂದೇ ಸೊನ್ನೆ ಬೀಳುತ್ತಿತ್ತು. ಆದರೆ ಅವರಿಬ್ಬರೂ ಇದ್ದದ್ದು ಬೇರೆ ಬೇರೆ ಜಾಗದಲ್ಲಿ.

ಕಿಟಕಿಯ ಘಟನೆಯಾದ ಮುಂದಿನ ಕಾರ್ಯಾಗಾರದಲ್ಲಿ ನಾನು ಹೊಸದೊಂದು ಮಾಡಿದೆ. ನಾಲ್ಕನೇ ದಿನ ಮಧ್ಯಾಹ್ನ, ಮಕ್ಕಳು ಊಟಕ್ಕೆ ಹೋದಾಗ, ಒಂದು ಗಾಡಿಯನ್ನು ಬೇಕೆಂದೇ ಕೆಡಿಸಿ ಇಟ್ಟೆ. ಮಕ್ಕಳನ್ನು ಇಬ್ಬಿಬ್ಬರಾಗಿ ಕರೆದೆ. "ಈ ಗಾಡಿ ಓಡ್ತಿಲ್ಲ. ಏನಾಗಿದೆ ನೋಡಿ" ಅಂದು ಸುಮ್ನೆ ಕೂತೆ. ಹತ್ತು ನಿಮಿಷ. ನಾನು ಏನೂ ಹೇಳುವುದಿಲ್ಲ ಅಂತ ಮೊದಲೇ ತಿಳಿಸಿದ್ದೆ. ಸುಮ್ಮನಿರುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು.

ಕೆಡಿಸುವುದರಲ್ಲೂ ಯೋಚನೆ ಬೇಕು. ಈಗ ನನ್ನ ಹತ್ತಿರ ನಾಲ್ಕು ಬಗೆ ಇವೆ. ಮೊದಲನೆಯದು ಎರಡು ಮೋಟರುಗಳಲ್ಲಿ ಒಂದರ ವೈರುಗಳನ್ನು ಮಾತ್ರ ಅದಲುಬದಲು ಮಾಡುವುದು, ಆಗ ಗಾಡಿ ಮುಂದೆ ಹೋಗುವ ಬದಲು ನಿಂತಲ್ಲೇ ಗಿರಗಿರ ಸುತ್ತುತ್ತೆ. ಸೆನ್ಸರಿನ ಮೇಲಿರುವ ನೀಲಿ ತಿರುಪನ್ನು ಒಂದಷ್ಟು ತಿರುಗಿಸಿಬಿಡುವುದು, ಆಗ ಅದಕ್ಕೆ ಕಪ್ಪು ಬಿಳುಪಿನ ವ್ಯತ್ಯಾಸ ತಿಳಿಯಲ್ಲ. ಕೋಡಿನಲ್ಲಿ ಎಡ ಬಲ ಬದಲಿಸುವುದು. ನಾಲ್ಕನೆಯದು ಸೋತ ಬ್ಯಾಟರಿ ಹಾಕುವುದು. ಇದು ಎಲ್ಲಕ್ಕಿಂತ ಕಷ್ಟದ್ದು. ಚೌಕದ 9 ವೋಲ್ಟ್ ಬ್ಯಾಟರಿ ಸ್ವಲ್ಪ ಸೋತಿದ್ದರೆ ಬೋರ್ಡಿನ ದೀಪ ಚೆನ್ನಾಗೇ ಉರಿಯುತ್ತೆ. ಮೋಟರ್ ಶುರುವಾದ ಕ್ಷಣ ವೋಲ್ಟೇಜ್ ಕುಸಿದು ಬೋರ್ಡ್ ಆರಿ ಮತ್ತೆ ಹೊತ್ತುತ್ತೆ. ಗಾಡಿ ಬಿಕ್ಕಳಿಸಿದ ಹಾಗೆ ಆಡುತ್ತೆ. ದೀಪ ಉರಿಯುತ್ತಿದೆ, ಹಾಗಾಗಿ ಬ್ಯಾಟರಿ ಸರಿಯಿದೆ ಅಂತ ದೊಡ್ಡವರೂ ಮೋಸ ಹೋಗುತ್ತಾರೆ. ಹಳ್ಳಿ ಮಕ್ಕಳು ಇಲ್ಲಿ ಒಂದು ಹೆಜ್ಜೆ ಮುಂದೆ ಇರುತ್ತಾರೆ. "ವೋಲ್ಟೇಜ್ ಇಲ್ಲ, ಲೈಟ್ ಉರೀತದೆ, ಮೋಟ್ರು ಎತ್ತಲ್ಲ" ಅನ್ನುವುದನ್ನು ಅವರು ಪಂಪ್‌ಸೆಟ್ ಮನೆಯಲ್ಲಿ ದಿನಾ ಕೇಳಿದ್ದಾರೆ.

ಹೀಗೆ ಕೂತು ನೋಡುವಾಗ ಸರಿಪಡಿಸಿದರೋ ಇಲ್ಲವೋ ಅನ್ನುವುದನ್ನು ನಾನು ಕೊನೆಗೆ ಬರೆಯುತ್ತೇನೆ. ಮೊದಲು ಬರೆಯುವುದು ಕೈ ಏನು ಮಾಡಿತು ಅಂತ. ಕೆಲವರು ಬಂದ ಕೂಡಲೇ ಎಲ್ಲ ವೈರ್ ಕಿತ್ತು ಮತ್ತೆ ಮೊದಲಿಂದ ಜೋಡಿಸುತ್ತಾರೆ. ಅದರಿಂದ ಗಾಡಿ ಸರಿಯಾಗಬಹುದು, ಆದರೆ ಏನು ಕೆಟ್ಟಿತ್ತು ಅಂತ ಅವರಿಗೆ ಕೊನೆವರೆಗೂ ಗೊತ್ತಾಗಲ್ಲ. ಕೆಲವರು ಗಾಡಿಯನ್ನು ನೆಲದಿಂದ ಎತ್ತಿ, ಚಕ್ರಗಳನ್ನು ಗಾಳಿಯಲ್ಲಿ ಬಿಟ್ಟು ಯಾವುದು ಯಾವ ಕಡೆ ತಿರುಗುತ್ತೆ ನೋಡುತ್ತಾರೆ. ನನ್ನ ಪುಸ್ತಕದಲ್ಲಿ ಆ ಸಾಲಿನ ಕೆಳಗೆ ಎರಡು ಗೆರೆ ಎಳೆಯುತ್ತೇನೆ. ಕೆಲವರು ಸೆನ್ಸರಿನ ಕೆಳಗೆ ಬೆರಳು ಆಡಿಸಿ ಅದರ ಪುಟ್ಟ ದೀಪ ಮಿನುಗುತ್ತಾ ಅಂತ ನೋಡುತ್ತಾರೆ. ಒಂದನ್ನೇ ಬದಲಿಸಿ ನೋಡುವವರು, ಒಟ್ಟಿಗೆ ಮೂರು ಬದಲಿಸುವವರು, ನನ್ನ ಮುಖ ನೋಡಿ ಸರಿಯೋ ತಪ್ಪೋ ಅಂತ ಓದಲು ಪ್ರಯತ್ನಿಸುವವರು. ಈ ಕೊನೆಯವರನ್ನು ನೋಡಿದರೆ ಮನಸ್ಸಿಗೆ ಚುರುಕ್ ಅನ್ನುತ್ತೆ. ಅಂಥವರಲ್ಲಿ ಹೆಚ್ಚಿನವರು ಕ್ಲಾಸಿನಲ್ಲಿ ಒಳ್ಳೆಯ ಅಂಕ ತೆಗೆಯುವವರು.

ಬರೆಯುವಾಗ "ಚೆನ್ನಾಗಿ ಮಾಡಿದಳು", "ಆಸಕ್ತಿ ಇದೆ" ಅನ್ನುವ ಮಾತು ಬರೆಯಬಾರದು ಅಂತ ನಮ್ಮ ತಂಡದವರಿಗೆ ಹೇಳಿದ್ದೇನೆ. ಕಂಡದ್ದು, ಕೇಳಿದ್ದು ಮಾತ್ರ. "ಎಡ ಚಕ್ರ ಹಿಂದಕ್ಕೆ ಹೋಗ್ತಿದೆ ಅಂದಳು, ಎಡ ಮೋಟರಿನ ವೈರ್ ಮಾತ್ರ ಮುಟ್ಟಿದಳು." ಹೀಗೆ. ಸಂಜೆ ಇಬ್ಬರು ಕೂತು ಓದಿದಾಗ ಒಬ್ಬೊಬ್ಬ ಮಗುವೂ ಕಣ್ಣ ಮುಂದೆ ಬರುತ್ತೆ. 32 ಮಕ್ಕಳು ಅಂದರೆ 16 ಜೋಡಿ, ಹತ್ತು ಹತ್ತು ನಿಮಿಷ. ಕರೆದು ಕೂರಿಸಿ ಬರೆಯುವುದೆಲ್ಲ ಸೇರಿ ಮೂರು ಗಂಟೆಗೂ ಜಾಸ್ತಿ. ಅರ್ಧ ದಿನ ಹೋಗುತ್ತೆ. ಐದು ದಿನದಲ್ಲಿ ಅರ್ಧ ದಿನ ದುಬಾರಿ ಅಂತ ನಮ್ಮವರೇ ವಾದ ಮಾಡಿದ್ದಾರೆ. ಆದರೆ ಈ ಅರ್ಧ ದಿನ ಪಾಠದಿಂದ ಕಿತ್ತುಕೊಂಡದ್ದು ಅಂತ ನನಗೆ ಅನ್ನಿಸುವುದಿಲ್ಲ. ಐದು ದಿನದಲ್ಲಿ ಮಕ್ಕಳು ಅತಿ ಹೆಚ್ಚು ಯೋಚಿಸುವುದು ಆ ಹತ್ತು ನಿಮಿಷದಲ್ಲೇ.

ಇದು ನನ್ನ ಹೊಸ ಶೋಧ ಅಂದುಕೊಂಡಿದ್ದೆ. ಆಮೇಲೆ ಓದುತ್ತಾ ಹೋದಾಗ, ಮಕ್ಕಳು ಬಣ್ಣದ ಬ್ಲಾಕುಗಳನ್ನು ಜೋಡಿಸಿ ಕೋಡ್ ಮಾಡುವ ಸ್ಕ್ರ್ಯಾಚ್ ಅನ್ನುವ ಭಾಷೆಯನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಮಾಡಿದ ತಂಡದ ಕ್ಯಾರನ್ ಬ್ರೆನನ್ ಮತ್ತು ಮಿಚೆಲ್ ರೆಸ್ನಿಕ್ 2012ರಲ್ಲೇ ಇದರ ಬಗ್ಗೆ ಬರೆದಿದ್ದಾರೆ ಅಂತ ತಿಳಿಯಿತು. ಅವರು ಮಕ್ಕಳು ಮಾಡಿದ ಸ್ಕ್ರ್ಯಾಚ್ ಪ್ರಾಜೆಕ್ಟುಗಳನ್ನು ನೋಡಿದರು, ಮಕ್ಕಳನ್ನು ಕೂರಿಸಿ ಮಾತಾಡಿಸಿದರು. ಪ್ರಾಜೆಕ್ಟಿನೊಳಗೆ ಇರುವ ಕೋಡನ್ನು ಅದೇ ಮಗು ವಿವರಿಸಲಾರದೆ ಹೋಗಬಹುದು ಅಂತ ಅವರಿಗೆ ಕಂಡಿತು. ಬೇರೆಯವರದ್ದನ್ನು ತೆಗೆದುಕೊಂಡು ಸೇರಿಸಿದ್ದು ಓಡುತ್ತೆ, ಆದರೆ ಹೇಗೆ ಓಡುತ್ತೆ ಅಂತ ಗೊತ್ತಿರಲ್ಲ. ಅದಕ್ಕೆ ಅವರು ಹೇಳಿದ ಒಂದು ದಾರಿ, ಇನ್ನೊಬ್ಬರ ಪ್ರಾಜೆಕ್ಟನ್ನು ಮಗುವಿನ ಮುಂದಿಟ್ಟು ಇದು ಏನು ಮಾಡುತ್ತೆ ಹೇಳು, ಇದನ್ನು ಹೇಗೆ ಬೆಳೆಸಬಹುದು ಹೇಳು, ಇದರ ತಪ್ಪು ಸರಿ ಮಾಡು, ಇದಕ್ಕೆ ಹೊಸದೇನಾದರೂ ಸೇರಿಸು ಅನ್ನುವುದು. ಓದಿ ಸಮಾಧಾನವಾಯಿತು. ನನ್ನ ಕೆಟ್ಟ ಗಾಡಿ ಒಂಟಿಯಲ್ಲ.

ಇದಕ್ಕೆ ಎದುರು ದಿಕ್ಕಿನ ಪ್ರಯತ್ನವೂ ಇದೆ. ಸ್ಪೇನಿನಲ್ಲಿ ಮಾಡಿದ ಡಾಕ್ಟರ್ ಸ್ಕ್ರ್ಯಾಚ್ ಅನ್ನುವ ತಂತ್ರಾಂಶಕ್ಕೆ ಪ್ರಾಜೆಕ್ಟ್ ಕೊಟ್ಟರೆ ತಾನೇ ಅಂಕ ಕೊಡುತ್ತೆ; ಮೊದಲ ಆವೃತ್ತಿಯಲ್ಲಿ ಏಳು ವಿಷಯಗಳಲ್ಲಿ ತಲಾ 3ರಂತೆ ಒಟ್ಟು 21ಕ್ಕೆ ಕೊಡುತ್ತಿತ್ತು. ನೂರಾರು ಪ್ರಾಜೆಕ್ಟ್ ಒಟ್ಟಿಗೆ ನೋಡಬೇಕಾದ ಶಿಕ್ಷಕರಿಗೆ ಉಪಯೋಗವಿದೆ. ಆದರೆ ಅದು ನೋಡುವುದು ಯಾವ ಬ್ಲಾಕುಗಳು ಬಳಕೆಯಾಗಿವೆ ಅಂತ. ಎಕ್ಸಾಮ್ ಪ್ಯಾಡ್ ಹಿಡಿದು ನಿಂತ ಹುಡುಗಿ ಅದಕ್ಕೆ ಕಾಣುವುದಿಲ್ಲ.

ಗುಂಪಿನ ವಿಚಾರ ಹೇಳದೆ ಮುಂದೆ ಹೋಗಲಾರೆ. ನಾಲ್ಕು ಮಕ್ಕಳಿಗೆ ಒಂದು ಕಿಟ್. ಗಾಡಿ ಯಾರದ್ದು? ಒಂದು ಶಾಲೆಯಲ್ಲಿ ಒಂದು ಮಧ್ಯಾಹ್ನ ಒಂದೇ ಗುಂಪನ್ನು ಗಮನಿಸಿದೆ. ಹತ್ತು ನಿಮಿಷಕ್ಕೊಮ್ಮೆ, ಆ ಕ್ಷಣದಲ್ಲಿ ಯಾರ ಕೈ ಕಿಟ್ ಮೇಲಿದೆ ಅಂತ ಅವರ ಹೆಸರಿನ ಮುಂದೆ ಒಂದು ಗೆರೆ. 12 ಸಲ ನೋಡಿದೆ. ಒಬ್ಬ ಹುಡುಗನ ಮುಂದೆ ಒಂಬತ್ತು ಗೆರೆ. ಇಬ್ಬರು ಹುಡುಗಿಯರಲ್ಲಿ ಒಬ್ಬಳ ಮುಂದೆ ಒಂದೇ ಒಂದು, ಇನ್ನೊಬ್ಬಳ ಮುಂದೆ ಅದೂ ಇಲ್ಲ. ಅವಳು ಏನು ಮಾಡುತ್ತಿದ್ದಳು? ಗುಂಪಿನ ನೋಟ್‌ಬುಕ್ಕಿನಲ್ಲಿ ಚೆಂದದ ಅಕ್ಷರದಲ್ಲಿ ಎಲ್ಲ ಬರೆಯುತ್ತಿದ್ದಳು, ಸ್ಕೆಚ್ ಪೆನ್ನಿನಲ್ಲಿ ಅಂಚು ಹಾಕುತ್ತಿದ್ದಳು. ಯಾರೂ ಅವಳಿಗೆ ಬೇಡ ಅಂದಿರಲಿಲ್ಲ. "ನಿನ್ನ ಅಕ್ಷರ ಚೆನ್ನಾಗಿದೆ, ನೀನು ಬರಿ" ಅಂದಿದ್ದರು, ಅಷ್ಟೇ. ಆ ಮಾತನ್ನು ನಾನೂ ಹಿಂದೆ ಎಷ್ಟೋ ಹುಡುಗಿಯರಿಗೆ ಹೇಳಿದ್ದೇನೆ, ಹೊಗಳಿಕೆ ಅಂದುಕೊಂಡು. ಆ ಗುಂಪಿನ ಗಾಡಿ ಓಡಿತು. ನಾಲ್ವರಿಗೂ ಒಂದೇ ಸರ್ಟಿಫಿಕೇಟ್ ಬಂತು. ಈಗ ಅರ್ಧ ಗಂಟೆಗೊಮ್ಮೆ ಗಂಟೆ ಹೊಡೆದು ಕೆಲಸ ಬದಲಿಸುತ್ತೇವೆ. ಬರೆಯುವವರು ವೈರಿಗೆ, ವೈರಿನವರು ಬರೆಯುವುದಕ್ಕೆ. ಹುಡುಗರು ಮೊದಮೊದಲು ಗೊಣಗುತ್ತಾರೆ.

ದುಡ್ಡು ಕೊಡುವವರ ಕಡೆಯಿಂದಲೂ ನೋಡಬೇಕು. 2016ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಅಟಲ್ ಇನ್ನೋವೇಷನ್ ಮಿಷನ್ ಅಡಿ 6ರಿಂದ 12ನೇ ತರಗತಿವರೆಗಿನ ಮಕ್ಕಳಿಗೆ ಕೈಯಾರೆ ಮಾಡಿ ನೋಡುವ ಟಿಂಕರಿಂಗ್ ಲ್ಯಾಬ್ ಬಂತು, ಒಂದೊಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣವೂ ಬರುತ್ತಿದೆ. ಇಷ್ಟು ಹಣ ಬಂದಾಗ ಲೆಕ್ಕ ಕೇಳುವುದು ನ್ಯಾಯವೇ. ಎಷ್ಟು ಶಾಲೆ, ಎಷ್ಟು ಮಕ್ಕಳು, ಎಷ್ಟು ಗಂಟೆ, ಎಷ್ಟು ಪ್ರತಿಶತ ಸುಧಾರಣೆ. ಈ ಕೊನೆಯ ಕಾಲಂ ತುಂಬುವಾಗ ನನ್ನ ಕೈ ತಡೆಯುತ್ತೆ. ಐದು ದಿನದಲ್ಲಿ ಮಗುವಿನ ತರ್ಕಶಕ್ತಿ ಇಷ್ಟು ಪ್ರತಿಶತ ಏರಿತು ಅಂತ ಹೇಳುವುದು ನನ್ನಿಂದಾಗದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಬಾಯಿಪಾಠ ಅಳೆಯುವುದು ಬಿಟ್ಟು ಮಗುವಿನ ಪೂರ್ತಿ ಬೆಳವಣಿಗೆ ನೋಡಬೇಕು ಅನ್ನುತ್ತೆ. ಅದನ್ನು ಐದು ದಿನದ ಅತಿಥಿ ಮಾಡಲಾರಳು. ವರ್ಷವಿಡೀ ಮಕ್ಕಳ ಜೊತೆ ಇರುವ ವಿಜ್ಞಾನದ ಮೇಷ್ಟ್ರು, ಮಿಸ್ಸು ಮಾಡಬಲ್ಲರು. ಹಾಗಾಗಿ ಈಗ ಕೆಟ್ಟ ಗಾಡಿಯ ಮಧ್ಯಾಹ್ನ ಶಾಲೆಯ ಶಿಕ್ಷಕರೊಬ್ಬರು ನನ್ನ ಪಕ್ಕ ಕೂರಲೇಬೇಕು ಅಂತ ಕೇಳಿಕೊಳ್ಳುತ್ತೇನೆ. ಒಂದು ಕಡೆ ಒಬ್ಬ ಮೇಷ್ಟ್ರು, ಕ್ಲಾಸಿನಲ್ಲಿ ಬಾಯೇ ಬಿಡದ ಹುಡುಗ ಚಕ್ರ ಎತ್ತಿ ನೋಡಿದ್ದನ್ನು ಕಂಡು, "ಇವನು ಹಿಂಗೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಮೇಡಂ" ಅಂದರು. ವರದಿಯಲ್ಲಿ ನಾನು ಆ ಮಾತನ್ನೇ ಬರೆದೆ, ಹೆಸರು ಹಾಕದೆ. ಸಂಖ್ಯೆ ಎಲ್ಲಿ ಅಂತ ದುಡ್ಡು ಕೊಟ್ಟವರು ಕೇಳಿದರು. ಅದರ ಜೊತೆಗೆ ಎರಡು ಸಂಖ್ಯೆ ಕೊಟ್ಟೆ: 16 ಜೋಡಿಗಳಲ್ಲಿ 11 ಜೋಡಿ ಏನನ್ನೂ ಕೀಳುವ ಮುಂಚೆ ನೋಡಿದರು, 5 ಜೋಡಿ ಮೊದಲು ಕಿತ್ತರು. ಇದೂ ಸಂಖ್ಯೆಯೇ. ಇದು ಏನನ್ನು ಹೇಳುತ್ತೆ ಅಂತ ನನಗೆ ವಿವರಿಸಲು ಬರುತ್ತೆ.

ಮೂರು ತಿಂಗಳ ಮೇಲೆ ಒಮ್ಮೆ ವಾಪಸ್ ಹೋಗುವುದನ್ನೂ ರೂಢಿ ಮಾಡಿಕೊಂಡಿದ್ದೇನೆ. ಇದಕ್ಕೆ ಯಾರೂ ಹಣ ಕೊಡುವುದಿಲ್ಲ, ಬಸ್ ಚಾರ್ಜು ನನ್ನದೇ. ಪರೀಕ್ಷೆ ಏನೂ ಇಲ್ಲ. ಮಕ್ಕಳ ಜೊತೆ ಕೂತು, "ಇದಾದ್ಮೇಲೆ ಏನಾದ್ರೂ ಬಿಚ್ಚಿ ನೋಡಿದ್ರಾ?" ಅಂತ ಕೇಳುತ್ತೇನೆ. ಒಬ್ಬ ಹುಡುಗ ಅವರ ಬೋರ್‌ವೆಲ್ಲಿನ ಆಟೋ ಸ್ಟಾರ್ಟರ್ ಬಗ್ಗೆ ಹೇಳಿದ. ತ್ರೀ ಫೇಸ್ ಕರೆಂಟು ರಾತ್ರಿ ಯಾವಾಗಲೋ ಬರುತ್ತೆ, ಬಂದ ಕೂಡಲೇ ಮೋಟರ್ ತಾನೇ ಶುರುವಾಗುತ್ತೆ. "ಅದು ಕರೆಂಟ್ ಬಂತಾ ಅಂತ ಕಾಯ್ಕೊಂಡು ಕೂತಿರುತ್ತೆ ಮಿಸ್. ಬಂದ್ರೆ ಹಾಕುತ್ತೆ. ಒಂದು ಫೇಸ್ ಹೋದ್ರೆ ಆಫ್ ಮಾಡುತ್ತೆ. ನಮ್ಮ ಗಾಡಿ ಥರಾನೇ. ಗಾಡಿ ಗೆರೆ ನೋಡುತ್ತೆ, ಅದು ಫೇಸ್ ನೋಡುತ್ತೆ." ಅವನಪ್ಪನಿಗೆ ಇದನ್ನು ವಿವರಿಸಿದನಂತೆ. ಅವರು "ನಿಂಗ್ಯಾರ್ ಹೇಳಿದ್ರೋ" ಅಂದರಂತೆ. ಇದನ್ನು ಹೇಳುವಾಗ ಆ ಹುಡುಗನ ಮುಖ ನೋಡಬೇಕಿತ್ತು.

ಆ ಮೊದಲ ಶಾಲೆಗೂ ಹೋಗಿದ್ದೆ. ಎಕ್ಸಾಮ್ ಪ್ಯಾಡಿನ ಹುಡುಗಿ ಆಗ ಒಂಬತ್ತನೇ ಕ್ಲಾಸು. ನಾನು ಅವಳ ಉತ್ತರ ಪತ್ರಿಕೆಯನ್ನು ಜೊತೆಗೆ ಒಯ್ದಿದ್ದೆ. ಹೂಂ, ಊಹೂಂ ಅಂತ ಬರೆದಿದ್ದ ಸಾಲಿನ ಮುಂದೆ ಹಾಕಿದ್ದ ಸೊನ್ನೆ ಹೊಡೆದುಹಾಕಿ, ಪೂರ್ತಿ ಅಂಕ ಹಾಕಿ, ಸಹಿ ಮಾಡಿ ಅವಳಿಗೆ ಕೊಟ್ಟೆ. ತಪ್ಪು ನನ್ನದಾಗಿತ್ತು ಅಂದೆ. ಅವಳು ಹಾಳೆಯನ್ನು ನಾಲ್ಕಾಗಿ ಮಡಚಿ ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೊಂಡಳು. ಆಮೇಲೆ ನಾನು ಫ್ಲೆಕ್ಸ್ ಹಾಸುತ್ತಿದ್ದಾಗ ಹತ್ತಿರ ಬಂದಳು. ಬಿಸಿಲು ಬೀಳದ ಮೂಲೆ ಹುಡುಕಿ ಹಾಸುತ್ತಿದ್ದೆ.

"ಮಿಸ್, ಅಲ್ಲಿ ಬೇಡ," ಅಂದಳು. "ಈ ಸಲ ಕಿಟಕಿ ಪಕ್ಕಾನೇ ಹಾಕಿ."